ಒಂಬತ್ತನೇ ಅವೆನ್ಯೂದ ಆ ಚರ್ಚಿಗೆ ಒಂದು ದೊಡ್ಡ ಥ್ಯಾಂಕ್ಸ್

ಕಳೆದ ತಿಂಗಳು ನಮ್ಮ ಪುಟ್ಟ ಅಡುಗೆಮನೆಗೆ ಒಂದು ವರ್ಷ ತುಂಬಿತು. ಕ್ವೀನ್ಸ್‌ನಲ್ಲಿ ಬಾಡಿಗೆಗೆ ಹಿಡಿದ ಜಾಗ, ಎರಡು ದೊಡ್ಡ ಒಲೆ, ಒಂದು ಗ್ರೈಂಡರು. ಕೆಲಸಕ್ಕೆ ನಾನು ಮತ್ತು ನನ್ನ ಹೆಂಡತಿ. ಸೀಮಂತ, ನಾಮಕರಣ, ಯುಗಾದಿ ಊಟ ಅಂತ ಆರ್ಡರ್ ಬರುತ್ತಿವೆ. ವರ್ಷ ತುಂಬಿದ ದಿನ ನೀವೆಲ್ಲ ಹಾರೈಸಿದಿರಿ, ತುಂಬಾ ಖುಷಿಯಾಯಿತು. ನಿಮಗೆಲ್ಲ ಕೈ ಮುಗಿಯುವ ಮೊದಲು ನಾನು ಇನ್ನೊಂದು ಕಡೆ ಕೈ ಮುಗಿಯಬೇಕು. ಮ್ಯಾನ್‌ಹಟನ್‌ನ ಚೆಲ್ಸಿಯಲ್ಲಿ, ಒಂಬತ್ತನೇ ಅವೆನ್ಯೂ ಮತ್ತು 28ನೇ ಬೀದಿಯ ಮೂಲೆಯಲ್ಲಿ ಒಂದು ಇಟ್ಟಿಗೆ ಚರ್ಚ್ ಇದೆ. ಚರ್ಚ್ ಆಫ್ ದಿ ಹೋಲಿ ಅಪಾಸಲ್ಸ್ ಅಂತ ಹೆಸರು. 2020ರಲ್ಲಿ ಪುಕ್ಕಟೆ ಊಟ ಹಾಕಿ ನನ್ನ ಹೊಟ್ಟೆ ತುಂಬಿಸಿದ್ದು ಅದು.

ಆಗ ನಾನು ಲೆಕ್ಸಿಂಗ್ಟನ್ ಅವೆನ್ಯೂ ಕಡೆಯ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದೆ. ಆ ವರ್ಷದ ಮಾರ್ಚ್‌ನಲ್ಲಿ ಕೊರೋನಾ ಬಂದು ಊರಿನ ಹೋಟೆಲುಗಳೆಲ್ಲ ಬಾಗಿಲು ಹಾಕಿದವು, ನಮ್ಮದೂ ಹಾಕಿತು. ಸಂಬಳ ಕೈಗೆ ನಗದಾಗಿ ಬರುತ್ತಿತ್ತು, ಹಾಗಾಗಿ ನಿರುದ್ಯೋಗ ಭತ್ಯೆ ಕೇಳಲು ಕಾಗದವೇ ಇರಲಿಲ್ಲ. ಹೆಂಡತಿ ಆಗ ಕುಂದಾಪುರದಲ್ಲಿದ್ದಳು. ಅವಳಿಗೆ ಫೋನಿನಲ್ಲಿ 'ಊಟ ಆಯ್ತು' ಅಂತ ದಿನಾ ಹೇಳುತ್ತಿದ್ದೆ. ಅದು ಸುಳ್ಳಾಗದ ಹಾಗೆ ನೋಡಿಕೊಂಡವರು ಈ ಚರ್ಚಿನವರು. ಜೊತೆಗೆ ಕೆಲಸ ಮಾಡುತ್ತಿದ್ದ ಮೆಕ್ಸಿಕೋದ ಹುಡುಗನೊಬ್ಬ ದಾರಿ ಹೇಳಿಕೊಟ್ಟ. ಇಪ್ಪತ್ತೆಂಟನೇ ಬೀದಿ ಹಿಡಿದು ಪಶ್ಚಿಮಕ್ಕೆ ನಡೆಯುತ್ತಾ ಹೋಗು, ಸಾಲು ಕಾಣುತ್ತದೆ ಅಂದ. ಕಂಡಿತು.

ಹೆಸರು ಕೇಳಲಿಲ್ಲ. ಐಡಿ ಕೇಳಲಿಲ್ಲ. ಯಾವ ದೇಶ, ಯಾವ ಧರ್ಮ, ವೀಸಾ ಇದೆಯಾ ಅಂತ ಕೇಳಲಿಲ್ಲ. ಪ್ರಾರ್ಥನೆ ಮಾಡು ಅನ್ನಲಿಲ್ಲ. ಕೊರೋನಾ ಕಾಲವಾದ್ದರಿಂದ ಒಳಗೆ ಕೂರಿಸುವ ಹಾಗಿರಲಿಲ್ಲ, ಬಾಗಿಲ ಹತ್ತಿರವೇ ಪೊಟ್ಟಣ ಕೊಡುತ್ತಿದ್ದರು. 'ಮಾಂಸ ಬೇಡವಾ? ಇದು ತಗೊಳ್ಳಿ' ಅಂತ ಬೇರೆ ಡಬ್ಬಿ ಎತ್ತಿ ಕೊಟ್ಟ ಆ ಅಜ್ಜಿಯ ಮುಖ ಮಾಸ್ಕಿನ ಹಿಂದೆ ಇತ್ತು, ಈಗ ಎದುರು ಬಂದರೂ ಗುರುತು ಹಿಡಿಯಲಾರೆ. ಅಜ್ಜೀ, ನಿಮಗೆ ಥ್ಯಾಂಕ್ಸ್. (ಉಪ್ಪು ಖಾರ ಮಾತ್ರ ನಮ್ಮ ನಾಲಿಗೆಗೆ ಸಾಲದು. ನಾನು ಜೇಬಿನಲ್ಲಿ ಮಿಡಿ ಉಪ್ಪಿನಕಾಯಿಯ ಸಣ್ಣ ಬಾಟಲಿ ಇಟ್ಟುಕೊಂಡು ಹೋಗುತ್ತಿದ್ದೆ.)

ಆಮೇಲೆ ಕೆಲಸ ಸಿಕ್ಕಿತು. ಚರ್ಚಿನೊಳಗೆ ಕೂರಿಸಿ ಬಡಿಸುವುದು ಮತ್ತೆ ಶುರುವಾದ ಮೇಲೆ ನಾನೂ ರಜೆಯ ದಿನ ಬಡಿಸಲು ಹೋಗತೊಡಗಿದೆ. ಆಗಲೇ ಈ ಕಟ್ಟಡದ ಕತೆ ಒಂದೊಂದಾಗಿ ಕಿವಿಗೆ ಬಿದ್ದಿದ್ದು. ಅದನ್ನು ನಿಮಗೂ ಹೇಳಬೇಕು ಅನಿಸಿತು, ಯಾಕೆಂದರೆ ನಮ್ಮವರಲ್ಲಿ ಹೆಚ್ಚಿನವರು ಇದರ ಎದುರೇ ಕಾರು ಓಡಿಸಿರುತ್ತಾರೆ, ಒಳಗೆ ಹೋಗಿರುವುದಿಲ್ಲ.

ಇದು ಎಪಿಸ್ಕೋಪಲ್ ಪಂಥದ ಚರ್ಚು. ಮೊದಲು ಎಪಿಸ್ಕೋಪಲ್ ಅಂದರೆ ಯಾರು ಅಂತ ಎರಡು ಮಾತು. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಅಮೆರಿಕದ ಕವಲು ಇದು. ಅಮೆರಿಕ ಸ್ವತಂತ್ರವಾದ ಮೇಲೆ ಇಲ್ಲಿನ ಪಾದ್ರಿಗಳು ಇಂಗ್ಲೆಂಡಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡುವುದು ಹೇಗೆ? ಅದಕ್ಕೆ 1789ರಲ್ಲಿ ಬೇರೆಯೇ ಚರ್ಚಾಗಿ ನಿಂತರು. ಬೆಂಗಳೂರಿನಲ್ಲಿ ಎಂ.ಜಿ. ರಸ್ತೆ ತುದಿಯ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ನೋಡಿದ್ದೀರಲ್ವಾ, ಅದೂ ಮೂಲದಲ್ಲಿ ಆಂಗ್ಲಿಕನ್ ಚರ್ಚೇ. 1947ರಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿದಾಗ ಅದರೊಳಗೆ ಸೇರಿತು. ಹಾಗಾಗಿ ದೂರದ ದಾಯಾದಿಗಳು ಅಂದರೂ ತಪ್ಪಿಲ್ಲ.

ನ್ಯೂಯಾರ್ಕಿನಲ್ಲಿ ಈ ಪಂಥಕ್ಕೆ ಶ್ರೀಮಂತರ ಚರ್ಚು ಅಂತಲೇ ಹೆಸರಿತ್ತು. ವಾಲ್ ಸ್ಟ್ರೀಟಿನ ಟ್ರಿನಿಟಿ ಚರ್ಚಿಗೆ 1705ರಲ್ಲಿ ರಾಣಿ ಆ್ಯನ್ ಕಾಲದಲ್ಲಿ ಸಿಕ್ಕ ಭೂಮಿಯೇ ಅದಕ್ಕೆ ಇವತ್ತಿಗೂ ಆಸ್ತಿ. ಹೋಲಿ ಅಪಾಸಲ್ಸ್ ಹುಟ್ಟಿದ್ದು ಆ ಟ್ರಿನಿಟಿಯ ಕೈಯಿಂದ, ಆದರೆ ಬಡವರಿಗಾಗಿ. 1844ರಲ್ಲಿ, ಹಡ್ಸನ್ ನದಿಯ ಹಡಗುಕಟ್ಟೆಗಳಲ್ಲಿ ಕೂಲಿ ಮಾಡುತ್ತಿದ್ದ ವಲಸೆಗಾರರ ನಡುವೆ. ಕಟ್ಟಡ 1848ರ ಹೊತ್ತಿಗೆ ಎದ್ದಿತು. ನಕ್ಷೆ ಹಾಕಿದವರು ಮಿನಾರ್ಡ್ ಲಫೀವರ್, ಆ ಕಾಲದ ಹೆಸರಾಂತ ಕಟ್ಟಡಗಾರ. ಜನ ಹೆಚ್ಚಿದ್ದಕ್ಕೆ 1858ರಲ್ಲಿ ಎರಡು ಪಕ್ಕಕ್ಕೂ ರೆಕ್ಕೆ ಸೇರಿಸಿದರು. ಆ ಕೆಲಸ ಮಾಡಿದ್ದು ವಾಲ್ ಸ್ಟ್ರೀಟಿನ ಟ್ರಿನಿಟಿ ಚರ್ಚನ್ನು ಕಟ್ಟಿದ ರಿಚರ್ಡ್ ಅಪ್‌ಜಾನ್ ಅವರ ಕಚೇರಿ. ಕಿಟಕಿಯ ಬಣ್ಣದ ಗಾಜು ವಿಲಿಯಂ ಜೇ ಬೋಲ್ಟನ್ ಅವರದ್ದು. ಚರ್ಚಿನ ಗಾಜು ಅಂದರೆ ಕಡು ಕೆಂಪು, ಕಡು ನೀಲಿ ಅಂದುಕೊಂಡಿದ್ದೆ. ಇಲ್ಲಿ ಮಾಸಲು ಕಂದು ಬಣ್ಣವೇ ಜಾಸ್ತಿ, ನಡುವೆ ದುಂಡಗಿನ ಚಿತ್ರಗಳು. ನನಗಂತೂ ಇದೇ ಇಷ್ಟ.

ನಂತರದ ನೂರು ವರ್ಷ ಈ ಚರ್ಚಿನ ಸುತ್ತ ಎಲ್ಲವೂ ಬದಲಾಯಿತು. ಎದುರಿನ ಅವೆನ್ಯೂ ಮೇಲೆ ಎತ್ತರದ ಕಂಬಗಳ ಮೇಲಿನ ರೈಲು ಬಂತು, ದಶಕಗಟ್ಟಲೆ ಸದ್ದು ಮಾಡಿತು, 1940ರಲ್ಲಿ ನಿಂತುಹೋಯಿತು. ಆಮೇಲೆ ಅಕ್ಕಪಕ್ಕದ ಹಳೇ ಮನೆಗಳನ್ನು ಸಾಲಾಗಿ ಕೆಡವಿ ಪೆನ್ ಸೌತ್ ಅನ್ನುವ ಹತ್ತು ದೊಡ್ಡ ವಸತಿ ಕಟ್ಟಡಗಳನ್ನು ಎಬ್ಬಿಸಿದರು. ಅದಕ್ಕೆ ಬೆನ್ನೆಲುಬಾದದ್ದು ಹೆಂಗಸರ ಉಡುಪು ಹೊಲಿಯುವ ಕಾರ್ಮಿಕರ ಸಂಘ. 1962ರ ಮೇ 19ರಂದು ಅಧ್ಯಕ್ಷ ಕೆನಡಿಯೇ ಬಂದು ಉದ್ಘಾಟಿಸಿದರು. ಅದೇ ದಿನ ಸಂಜೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಟಿ ಮರ್ಲಿನ್ ಮನ್ರೋ ಕೆನಡಿಗೆ ಹುಟ್ಟುಹಬ್ಬದ ಹಾಡು ಹಾಡಿದ್ದು. ಜನಕ್ಕೆ ಆ ಹಾಡು ನೆನಪಿದೆ, ಸಾವಿರಾರು ಕೂಲಿಕಾರರಿಗೆ ಸಿಕ್ಕ ಮನೆ ನೆನಪಿಲ್ಲ. ಇರಲಿ. ಅಷ್ಟೆಲ್ಲ ಕೆಡವುವಾಗ ಈ ಚರ್ಚನ್ನು ಉಳಿಸಿಕೊಂಡರು. 1966ರಲ್ಲಿ ನಗರ ಇದನ್ನು ಸಂರಕ್ಷಿತ ಕಟ್ಟಡ ಅಂತ ಸಾರಿತು.

ಬೇರೆ ಯಾರೂ ಜಾಗ ಕೊಡದವರಿಗೆ ಜಾಗ ಕೊಡುವ ಅಭ್ಯಾಸ ಈ ಚರ್ಚಿಗೆ ಮೊದಲಿನಿಂದಲೂ ಇತ್ತು ಅನಿಸುತ್ತದೆ. 1970ರಲ್ಲಿ ಸಲಿಂಗಿಗಳ ಹಕ್ಕಿಗಾಗಿ ಹೋರಾಡುತ್ತಿದ್ದ ಗೇ ಆ್ಯಕ್ಟಿವಿಸ್ಟ್ಸ್ ಅಲಯನ್ಸ್ ಇಲ್ಲೇ ಸಭೆ ಸೇರುತ್ತಿತ್ತು. 1973ರಲ್ಲಿ ಸಲಿಂಗಿ ಯಹೂದಿಗಳ ಒಂದು ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಸಭೆ) ಇದೇ ಚರ್ಚಿನ ಜಾಗದಲ್ಲಿ ಶುರುವಾಯಿತು, ಮುಂದೆ ವರ್ಷಗಟ್ಟಲೆ ಶುಕ್ರವಾರ ಸಂಜೆ ಇಲ್ಲೇ ಪ್ರಾರ್ಥನೆ ನಡೆಸಿತು. ಹೆಂಗಸರು ಪಾದ್ರಿಯಾಗಬಹುದು ಅನ್ನುವ ಎಪಿಸ್ಕೋಪಲ್ ನಿಯಮ ಜಾರಿಗೆ ಬಂದದ್ದು 1977ರ ಜನವರಿ 1ಕ್ಕೆ. ಅದೇ ತಿಂಗಳ 10ರಂದು ಬಿಷಪ್ ಪಾಲ್ ಮೂರ್ ಈ ಚರ್ಚಿನಲ್ಲಿ ಎಲೆನ್ ಬ್ಯಾರೆಟ್ ಅವರಿಗೆ ದೀಕ್ಷೆ ಕೊಟ್ಟರು. ಆಕೆ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದವರು. ದೇಶದ ತುಂಬ ಗಲಾಟೆಯಾಯಿತು, ಬಿಷಪ್ಪರಿಗೆ ಬೈಗುಳದ ಪತ್ರಗಳ ರಾಶಿ ಬಂತು.

ಇಷ್ಟರ ನಡುವೆ ಚರ್ಚಿನ ಬೊಕ್ಕಸ ಬರಿದಾಗುತ್ತಾ ಬಂದಿತ್ತು. ಹಡಗುಕಟ್ಟೆಯ ಕೆಲಸ ಹೋಗಿತ್ತು, ಭಕ್ತರು ಕಮ್ಮಿಯಾಗಿದ್ದರು, ಮುಚ್ಚುವ ಮಾತು ಬಂದಿತ್ತು. ಅದೇ ಹೊತ್ತಿಗೆ ಊರಿನ ಬೀದಿಗಳಲ್ಲಿ ಮನೆಯಿಲ್ಲದವರು ತುಂಬುತ್ತಿದ್ದರು. ಬಡವರಿಗೆ ಕೈಗೆಟುಕುತ್ತಿದ್ದ ಒಂಟಿ ಕೋಣೆಯ ಅಗ್ಗದ ಹೋಟೆಲುಗಳನ್ನು ಒಂದೊಂದೇ ಕೆಡವುತ್ತಿದ್ದರು. ಮಾನಸಿಕ ಆಸ್ಪತ್ರೆಗಳಿಂದ ಜನರನ್ನು ಹೊರಗೆ ಕಳಿಸಿದ್ದರು, ಅವರಿಗೆ ಹೋಗಲು ಜಾಗವಿರಲಿಲ್ಲ. 1982ರ ಕೊನೆಗೆ ದೇಶದ ನಿರುದ್ಯೋಗ ಶೇಕಡ 10 ದಾಟಿತ್ತು. ಆಗಿನ ಪಾದ್ರಿ ರ‍್ಯಾಂಡ್ ಫ್ರೂ. ಹೇಗೂ ಮುಚ್ಚುವುದೇ ಆದರೆ ಏನಾದರೂ ಒಳ್ಳೆಯದು ಮಾಡುತ್ತಾ ಮುಚ್ಚೋಣ ಅಂತ ಹೊರಟರು ಅಂತ ಅಲ್ಲಿನವರು ಹೇಳುತ್ತಾರೆ. 1982ರ ಅಕ್ಟೋಬರ್‌ನಲ್ಲಿ ಊಟ ಶುರುವಾಯಿತು. ಮೊದಲ ದಿನ ಉಂಡವರು ಸುಮಾರು ಮೂವತ್ತೈದು ಮಂದಿ. ಕೆಲವೇ ವರ್ಷಗಳಲ್ಲಿ ದಿನಕ್ಕೆ ಒಂದು ಸಾವಿರದ ಹತ್ತಿರ ಹೋಯಿತು. ಮುಳುಗುತ್ತಿದ್ದ ಚರ್ಚನ್ನು ಎತ್ತಿ ನಿಲ್ಲಿಸಿದ್ದೂ ಈ ಊಟವೇ. ಇಲ್ಲಿ ಅನ್ನ ಹಾಕುತ್ತಾರೆ ಅಂತ ಗೊತ್ತಾದ ಮೇಲೆ, ಯಾವತ್ತೂ ಚರ್ಚಿಗೆ ಕಾಲಿಡದವರೂ ದುಡ್ಡು ಕಳಿಸಿದರು. ನಮ್ಮ ಕಡೆ ದಾಸೋಹ ನೋಡಿ ಬೆಳೆದವರಿಗೆ ಇದು ಹೊಸ ಲೆಕ್ಕವೇನಲ್ಲ.

ಅಡುಗೆಯವನಾಗಿ ನನಗೆ ಅತಿ ಇಷ್ಟವಾದ ಕತೆ ಬೆಂಕಿಯದ್ದು. 1990ರ ಏಪ್ರಿಲ್ 9, ಈಸ್ಟರ್ ಹಬ್ಬದ ವಾರದ ಸೋಮವಾರ. ಚಾವಣಿ ದುರಸ್ತಿ ನಡೆದಿತ್ತು. ಆ ಕೆಲಸದಲ್ಲೇ ಬೆಂಕಿ ಹೊತ್ತಿಕೊಂಡಿತು. ಚಾವಣಿ ಹೋಯಿತು, ಕೆಲವು ಗಾಜಿನ ಕಿಟಕಿ ಹೋದವು. ಮಾರನೇ ದಿನ? ಮಾರನೇ ದಿನವೂ ಊಟ ಬಡಿಸಿದರು. ಸಾಲಿನಲ್ಲಿ ನಿಂತ ಒಬ್ಬರನ್ನೂ ಹಾಗೇ ಕಳಿಸಲಿಲ್ಲ. ಸಾವಿರ ಜನರ ಅಡುಗೆಮನೆ ಒಂದು ದಿನ ನೀರು ಬರದಿದ್ದರೇ ಹೇಗೆ ಅಲ್ಲೋಲಕಲ್ಲೋಲ ಆಗುತ್ತದೆ ಅಂತ ನನಗೆ ಗೊತ್ತು. ಇವರು ಬೆಂಕಿ ಆರಿದ ಮರುದಿನ ತಟ್ಟೆ ಇಟ್ಟರು! ಆ ದಿನ ಸೌಟು ಹಿಡಿದಿದ್ದ ಪ್ರತಿಯೊಬ್ಬರಿಗೂ ನನ್ನ ನಮಸ್ಕಾರ.

ದುರಸ್ತಿ ಮುಗಿದದ್ದು 1994ರಲ್ಲಿ. ಆಗ ಅವರು ಮಾಡಿದ ತೀರ್ಮಾನ ನೋಡಿ. ಹಳೇ ಉದ್ದ ಬೆಂಚುಗಳನ್ನು ಮತ್ತೆ ಹಾಕಿಸಲಿಲ್ಲ. ಅಲ್ಲಿಯವರೆಗೆ ಪಕ್ಕದ ಮನೆಯಲ್ಲಿ ನಡೆಯುತ್ತಿದ್ದ ಊಟವನ್ನು ಚರ್ಚಿನ ನಡುಮನೆಗೇ ತಂದರು. ಆಲ್ಟರಿನ, ಅಂದರೆ ಪೂಜಾವೇದಿಕೆಯ, ಎದುರಿಗೇ ಮೇಜು ಕುರ್ಚಿ. ಭಾನುವಾರ ಮೇಜು ಮಡಚಿ ಪೂಜೆ, ಸೋಮವಾರದಿಂದ ಶುಕ್ರವಾರದವರೆಗೆ ಊಟ. ಹತ್ತೊಂಬತ್ತನೇ ಶತಮಾನದಲ್ಲಿ ಎಪಿಸ್ಕೋಪಲ್ ಚರ್ಚುಗಳಲ್ಲಿ ಬೆಂಚಿಗೆ ಬಾಡಿಗೆ ಕಟ್ಟುವ ಪದ್ಧತಿ ಸಾಮಾನ್ಯವಾಗಿತ್ತು. ದುಡ್ಡಿದ್ದವರಿಗೆ ಮುಂದಿನ ಸಾಲು, ಇಲ್ಲದವರು ಹಿಂದೆ. ಈಗ ಇಲ್ಲಿ ಮೊದಲು ಬಂದವನು ಮುಂದೆ ಕೂರುತ್ತಾನೆ, ಅವನ ಎದುರಿಗೆ ಬಿಸಿ ಊಟ. ನನ್ನ ಮಟ್ಟಿಗೆ ಅಮೆರಿಕದಲ್ಲಿ ಇದಕ್ಕಿಂತ ಚಂದದ ಊಟದ ಮನೆ ಇಲ್ಲ. ಉಣ್ಣಲು ಬಂದವರನ್ನು ಅಲ್ಲಿ ಅತಿಥಿಗಳು ಅಂತಲೇ ಕರೆಯುತ್ತಾರೆ, ಹಾಗೇ ನಡೆಸಿಕೊಳ್ಳುತ್ತಾರೆ.

ನನಗೆ ಸಿಕ್ಕಿದ್ದು ಊಟ ಮಾತ್ರ ಅಲ್ಲ. ಅಲ್ಲಿ ಬಡಿಸಲು ಬರುತ್ತಿದ್ದ ನಿವೃತ್ತ ಮೇಷ್ಟರೊಬ್ಬರು ಒಂದು ದಿನ, 'ನೀನು ಸೌಟು ಹಿಡಿಯುವ ರೀತಿ ನೋಡಿದರೆ ಕೆಲಸ ಬಲ್ಲವನು, ಸ್ವಂತಕ್ಕೆ ಯಾಕೆ ಮಾಡಬಾರದು' ಅಂದರು. ನಗರದ ಆರೋಗ್ಯ ಇಲಾಖೆಯ ಆಹಾರ ಸುರಕ್ಷತೆ ಸರ್ಟಿಫಿಕೇಟಿನ ಬಗ್ಗೆ ಹೇಳಿದ್ದು ಅವರೇ. ಕೋರ್ಸ್ ಆನ್‌ಲೈನ್‌ನಲ್ಲಿ ಪುಕ್ಕಟೆ ಇದೆ, ಪರೀಕ್ಷೆಗೆ ಮಾತ್ರ ಸ್ವಲ್ಪ ಫೀಸು. ಮಾಂಸ ಎಷ್ಟು ಡಿಗ್ರಿಯಲ್ಲಿ ಇಡಬೇಕು ಅನ್ನುವ ಪ್ರಶ್ನೆಗಳನ್ನು ಶುದ್ಧ ಸಸ್ಯಾಹಾರಿಯಾದ ನನ್ನಿಂದ ಬಾಯಿಪಾಠ ಮಾಡಿಸಿದರು. ಮೇಷ್ಟ್ರೇ, ಆ ಸರ್ಟಿಫಿಕೇಟು ಈಗ ನಮ್ಮ ಗೋಡೆಯ ಮೇಲಿದೆ.

ಹಾಗೇ ಚರ್ಚಿನ ಅಡುಗೆಯವರಿಗೆ, ಪಾತ್ರೆ ತೊಳೆಯುವವರಿಗೆ, ಮಳೆ ಚಳಿಯಲ್ಲಿ ಸಾಲು ನೋಡಿಕೊಳ್ಳುವವರಿಗೆ ಥ್ಯಾಂಕ್ಸ್. ಹೊಸದಾಗಿ ಬಂದ ವಲಸೆಗಾರರಿಂದ ಈಚಿನ ವರ್ಷಗಳಲ್ಲಿ ಸಾಲು ತುಂಬಾ ಉದ್ದವಾಗಿದೆ. ಆದರೂ ಯಾರ ದನಿಯೂ ಜೋರಾಗಿದ್ದು ನಾನು ಕೇಳಿಲ್ಲ. ಕಷ್ಟದ ದಿನಗಳಲ್ಲಿ ಬಾಡಿಗೆ ಕೇಳದೆ ಕೋಣೆಯಲ್ಲಿ ಇಟ್ಟುಕೊಂಡ ಬೈಂದೂರಿನ ಗೆಳೆಯನಿಗೆ, ಮೊದಲ ಆರ್ಡರು ಕೊಟ್ಟ ಕನ್ನಡ ಕೂಟದವರಿಗೆ, ಇಲ್ಲಿಗೆ ಬಂದು ಗ್ರೈಂಡರಿನ ಸದ್ದಿನಲ್ಲೇ ಬದುಕುತ್ತಿರುವ ಹೆಂಡತಿಗೆ ಕೂಡ.

ವರ್ಷ ತುಂಬಿದ ಖುಷಿಗೆ ಒಂದು ದಿನ ಎಲ್ಲರಿಗೂ ಚಿತ್ರಾನ್ನ ಮಾಡಿ ತರುತ್ತೇನೆ ಅಂತ ಅಲ್ಲಿ ಕೇಳಿದೆ. ಹೊರಗಿನ ಅಡುಗೆ ಬೇಡ, ಬೇಕಾದರೆ ಇಲ್ಲೇ ಬಂದು ಈರುಳ್ಳಿ ಹೆಚ್ಚು ಅಂದರು. ಸರಿ, ಹೆಚ್ಚುತ್ತಿದ್ದೇನೆ. ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ಇರುವವರು ಯಾರಾದರೂ ಜೊತೆಗೆ ಬರುವುದಾದರೆ ನನಗೆ ಹೇಳಿ. ವಾರದ ದಿನ ಬೆಳಿಗ್ಗೆ ಬಿಡುವಿರಬೇಕು, ಕಾಲಿಗೆ ಮುಚ್ಚಿದ ಚಪ್ಪಲಿ ಬೇಕು, ತಲೆಗೆ ಬಲೆ ಅವರೇ ಕೊಡುತ್ತಾರೆ.