ಸದ್ದಿಲ್ಲದ ಕೆ

ಚಿ. ಪ್ರಣವನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಇಂಗ್ಲಿಷ್ ಕಾಗದ ತಲುಪಿತು. ವ್ಯಾಕರಣದ ತಪ್ಪು ಅಷ್ಟೇನಿಲ್ಲ, ಇರುವವೂ ಓದುತ್ತಾ ಓದುತ್ತಾ ಹೋಗುತ್ತವೆ. ಆದರೆ ‘ನನಗೆ ಗೊತ್ತು’ ಎನ್ನಬೇಕಾದ ಕಡೆ ಮೂರು ಸಲ ಎನ್-ಓ ಎಂದು ಬರೆದಿದ್ದೀಯ. ಓದಿದವರಿಗೆ ಅದು ‘ನಾನು ಇಲ್ಲ’ ಎಂದಂತೆ ಕಾಣುತ್ತದೆ. ಗೊತ್ತು ಎನ್ನುವ ‘ನೋ’ ಬೇರೆ: ಕೆ-ಎನ್-ಓ-ಡಬ್ಲ್ಯು.

ಕೆ-ಎನ್ ಇಂದ ಶುರುವಾಗುವ ಚಿಕ್ಕ ಪದಗಳು ದಿನಬಳಕೆಯಲ್ಲಿ ಹದಿನೈದರ ಆಸುಪಾಸು ಸಿಗುತ್ತವೆ. ಅವನ್ನು ಒಟ್ಟಿಗೇ ಕಲಿತುಬಿಡು, ಚೆಲ್ಲಾಪಿಲ್ಲಿಯಾಗಿ ಕಲಿಯಬೇಡ. ಬರೆಯುವಾಗ ಮನಸ್ಸಿನಲ್ಲಿ ‘ಕ್ನೋ’ ಅನ್ನು, ಬಾಯಿಬಿಟ್ಟು ಓದುವಾಗ ‘ನೋ’ ಅನ್ನು. ಕನ್ನಡ ಬಲ್ಲವನಿಗೆ ಇದೇನು ಕಷ್ಟ? ಕಕಾರಕ್ಕೆ ನಕಾರದ ಒತ್ತು ಕೊಟ್ಟರಾಯಿತು.

ಇದು ನೆನಪಿಗೆಂದು ಹೊಸೆದ ಉಪಾಯವಲ್ಲ. ಹಿಂದೆ ಇಂಗ್ಲಿಷರು ಆ ಕ್ ಅನ್ನು ನಿಜವಾಗಿಯೂ ಉಚ್ಚರಿಸುತ್ತಿದ್ದರು. ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಹೂಡಿದಾಗಲೂ ಆ ಸದ್ದು ಇತ್ತು. ಅದು ಬಾಯಿಂದ ಬಿದ್ದುಹೋಗುವಷ್ಟರಲ್ಲಿ ಕಾಗುಣಿತ ಅಚ್ಚಿನಲ್ಲಿ ಗಟ್ಟಿಯಾಗಿಬಿಟ್ಟಿತ್ತು. ಜರ್ಮನರು ಮೊಣಕಾಲಿಗೆ ಇವತ್ತಿಗೂ ‘ಕ್ನೀ’ ಎಂದೇ ಅನ್ನುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಮನೆಯ ಪದಗಳೇ ಸಿಗುತ್ತವೆ. ಇಂಗ್ಲಿಷಿನಲ್ಲಿ ಮೊಣಕಾಲಿಗೆ ಹೇಳುವ ‘ನೀ’ ಸಂಸ್ಕೃತದ ಜಾನುವಿನ ನೆಂಟ. ಆಜಾನುಬಾಹು ಅಂದರೆ ತೋಳು ಮೊಣಕಾಲು ಮುಟ್ಟುವವನು ತಾನೆ? ಗೊತ್ತು ಎನ್ನುವ ‘ನೋ’ ಜ್ಞಾನದ ‘ಜ್ಞಾ’ ಇರುವ ಮೂಲದಿಂದಲೇ ಬಂದದ್ದು. ಜ್ಞಾನವನ್ನು ನಾವು ‘ಗ್ನ್ಯಾನ’ ಎನ್ನುತ್ತೇವಲ್ಲ, ಆ ಗಕಾರದ ಜಾಗದಲ್ಲಿ ಇಂಗ್ಲಿಷಿನಲ್ಲಿ ಕಕಾರ ಕೂತಿದೆ. ಇಷ್ಟು ಗೊತ್ತಾದ ಮೇಲೆ ಆ ಕೆ ಬಿಡಲು ಮನಸ್ಸು ಬಾರದು.

ಈಗ ಎಡವುವುದು ಎಲ್ಲಿ ಅಂತ ನೋಡು. ‘ನೈಫ್’ (ಚಾಕು), ‘ನೀಲ್’ (ಮಂಡಿಯೂರು), ‘ನ್ಯಾಕ್’ (ಕೈಚಳಕ), ಇವುಗಳಲ್ಲಿ ಕೆ ಬಿಟ್ಟರೆ ಅರ್ಥವಿಲ್ಲದ ಅಕ್ಷರಗಳು ಉಳಿಯುತ್ತವೆ, ಫೋನು ಕೂಡಲೇ ಕೆಂಪು ಗೆರೆ ಎಳೆಯುತ್ತದೆ. ಇವುಗಳಿಂದ ಭಯವಿಲ್ಲ. ಭಯ ಇರುವುದು ಕೆ ಬಿಟ್ಟರೂ ಸರಿಯಾದ ಇನ್ನೊಂದು ಪದವೇ ಆಗಿಬಿಡುವ ಕಡೆ. ಕೆ-ಎನ್-ಓ-ಡಬ್ಲ್ಯುನಲ್ಲಿ ಕೆ ತೆಗೆ, ‘ನೌ’ ಆಯಿತು, ಅಂದರೆ ‘ಈಗ’. ಅರ್ಥವೂ ಬೇರೆ, ಉಚ್ಚಾರವೂ ಬೇರೆ. ಅದರ ಭೂತಕಾಲ ‘ನ್ಯೂ’ವಿನಲ್ಲಿ ಕೆ ತೆಗೆದರೆ ‘ಹೊಸದು’. ಗಂಟು ಎನ್ನುವ ‘ನಾಟ್’ ಹೋಗಿ ‘ಅಲ್ಲ’ ಉಳಿಯುತ್ತದೆ. ‘ನೈಟ್’ ಎಂಬ ಸರದಾರ ಹೋಗಿ ರಾತ್ರಿಯಾಗುತ್ತದೆ. ಹೆಣಿಗೆಯ ‘ನಿಟ್’ನಲ್ಲಿ ಬಿಟ್ಟೆಯೋ, ಸ್ವೆಟರ್ ಹೋಗಿ ತಲೆಯ ಸೀರು! ಇಂಥ ತಪ್ಪುಗಳನ್ನು ಯಂತ್ರ ಎಷ್ಟೋ ಸಲ ಹಿಡಿಯುವುದಿಲ್ಲ, ನಿನ್ನ ಕಣ್ಣೇ ಹಿಡಿಯಬೇಕು.

ಇವುಗಳ ಪೈಕಿ ಗಂಟಿನ ‘ನಾಟ್’ಗೆ ಕೆಲಸ ಜಾಸ್ತಿ, ಅದಕ್ಕೇ ಅದನ್ನು ಚೆನ್ನಾಗಿ ತಿಳಿದುಕೊ. ಹಗ್ಗದ ಗಂಟೂ ಅದೇ, ಹಲಗೆಯಲ್ಲಿ ಕೊಂಬೆ ಒಡೆದ ಜಾಗದ ಗಂಟೂ ಅದೇ. ಕನ್ನಡದಲ್ಲೂ ಎರಡಕ್ಕೂ ಒಂದೇ ಮಾತು. ಮದುವೆಯಾಗುವುದಕ್ಕೆ ಅವರೂ ಗಂಟು ಹಾಕುವುದು ಎನ್ನುತ್ತಾರೆ, ನಮ್ಮ ಹಾಗೆ ಮೂರಲ್ಲ, ಒಂದೇ. ಹಡಗಿನ ವೇಗಕ್ಕೂ ಅದೇ ಪದ ಯಾಕೆ ಬಂತು ಗೊತ್ತೇ? ಉದ್ದನೆಯ ಹಗ್ಗಕ್ಕೆ 47 ಅಡಿ 3 ಅಂಗುಲಕ್ಕೊಂದರಂತೆ ಗಂಟು ಹಾಕಿ, ತುದಿಗೆ ಮರದ ತುಂಡು ಕಟ್ಟಿ ನೀರಿಗೆ ಬಿಡುತ್ತಿದ್ದರು. ತುಂಡು ನೀರಿನಲ್ಲಿ ನಿಂತಲ್ಲೇ ನಿಲ್ಲುತ್ತದೆ, ಹಡಗು ಮುಂದೆ ಹೋಗುತ್ತದೆ, ಹಗ್ಗ ಬಿಚ್ಚಿಕೊಳ್ಳುತ್ತದೆ. ಮರಳಿನ ಗಡಿಯಾರದ 28 ಸೆಕೆಂಡು ಮುಗಿಯುವಷ್ಟರಲ್ಲಿ ಕೈಯಿಂದ ಎಷ್ಟು ಗಂಟು ಜಾರಿತೋ ಅಷ್ಟು ನಾಟ್ ವೇಗ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಹವಾಮಾನ ಇಲಾಖೆ ಗಾಳಿ 34 ನಾಟ್ ಮುಟ್ಟಿದರೆ ಚಂಡಮಾರುತ ಎನ್ನುತ್ತದೆ, ಅಂದರೆ ಗಂಟೆಗೆ ಸುಮಾರು 63 ಕಿಲೋಮೀಟರ್. ‘ಗಂಟೆಗೆ ಇಷ್ಟು ನಾಟ್’ ಎಂದು ಮಾತ್ರ ಬರೆಯಬೇಡ, ಗಂಟೆ ಅದರೊಳಗೇ ಅಡಗಿದೆ.

‘ನಿಟ್’ ಕೂಡ ಅದೇ ಬಳ್ಳಿಯದು: ಕಡ್ಡಿಯಿಂದ ಉಣ್ಣೆ ಹೆಣೆಯುವುದು. ಹುಬ್ಬು ಗಂಟಿಕ್ಕುವುದಕ್ಕೂ ಅದನ್ನೇ ಬಳಸುತ್ತಾರೆ.

ಮುಂದೆ ‘ನೀಡ್’. ಬೇಕು ಎನ್ನುವ ‘ನೀಡ್’ಗೆ ಎನ್ ಆದ ಮೇಲೆ ಎರಡು ಇ, ಹಿಟ್ಟು ನಾದುವ ‘ನೀಡ್’ಗೆ ಕೆ-ಎನ್-ಇ-ಎ-ಡಿ. ಹಿಟ್ಟಿಗೆ ನೀರು ಬೆರೆಸುವುದು ‘ಮಿಕ್ಸ್’, ಅದು ಕಲಸುವುದು. ಎರಡು ಲೋಟ ಗೋಧಿಹಿಟ್ಟಿಗೆ ಒಂದು ಲೋಟಕ್ಕಿಂತ ಸ್ವಲ್ಪ ಕಡಿಮೆ ನೀರು ಹಾಕಿ ಕಲಸಿಕೊಂಡು, ಆಮೇಲೆ ಅಂಗೈಯ ಬುಡದಿಂದ ಒತ್ತಿ, ಮಡಚಿ, ತಿರುಗಿಸಿ ಎಂಟು ಹತ್ತು ನಿಮಿಷ ತಿಕ್ಕುತ್ತೇವಲ್ಲ, ಅದು ‘ನೀಡ್’. ಅಡುಗೆಯ ಬರಹದಲ್ಲಿ ಎರಡಕ್ಕೂ ‘ಮಿಕ್ಸ್’ ಎಂದು ಬರೆದು ಚಪಾತಿ ಗಟ್ಟಿಯಾಯಿತು ಎನ್ನುವವರು ಬೇಕಾದಷ್ಟಿದ್ದಾರೆ.

‘ನೈಟ್’ ಮತ್ತು ‘ನೇವ್’ ಎರಡಕ್ಕೂ ಮೊದಲಿದ್ದ ಅರ್ಥ ಹುಡುಗ ಅಂತಲೇ. ಒಬ್ಬ ರಾಜನ ಸೇವೆಗೆ ಸೇರಿ ಕುದುರೆಯೇರಿ ‘ಸರ್’ ಆದ, ಇನ್ನೊಬ್ಬ ಆಳಾಗಿ, ಕಡೆಗೆ ಠಕ್ಕನೆನಿಸಿಕೊಂಡ. ನಮ್ಮ ವಿಶ್ವೇಶ್ವರಯ್ಯನವರು ಸರ್ ಎಂ.ವಿ. ಆದದ್ದು 1915ರಲ್ಲಿ ನೈಟ್ ಕಮಾಂಡರ್ ಪದವಿಯಿಂದ. ಚದುರಂಗದ ಕುದುರೆಯೂ ನೈಟೇ, ಆದರೆ ನಡೆ ಬರೆಯುವಾಗ ಅದಕ್ಕೆ ಎನ್ ಹಾಕುತ್ತಾರೆ, ಯಾಕೆಂದರೆ ಕೆ ರಾಜನ ಪಾಲಾಗಿದೆ. ಇಸ್ಪೀಟಿನಲ್ಲೂ ಇದೇ ಗೋಳು: ಗುಲಾಮನಿಗೆ ಹಳೆಯ ಹೆಸರು ‘ನೇವ್’, ಎಲೆಯ ಮೂಲೆಯಲ್ಲಿ ಕೆ-ಎನ್ ಎಂದು ಹಾಕಿದರೆ ರಾಜನ ಕೆ ಜೊತೆ ಗೊಂದಲವಾಗುತ್ತಿತ್ತು. ಹಾಗಾಗಿ ‘ಜ್ಯಾಕ್’ ಗೆದ್ದಿತು.

ಉಳಿದವಕ್ಕೆ ಒಂದೊಂದು ಮಾತು ಸಾಕು. ‘ನಾಬ್’ ಅಂದರೆ ಗ್ಯಾಸ್ ಒಲೆಯಲ್ಲಿ ತಿರುಗಿಸುತ್ತೀವಲ್ಲ, ಅದು. ‘ನಾಕ್’ ಬಾಗಿಲು ತಟ್ಟುವುದು. ‘ನೋಲ್’ ಸಣ್ಣ ದಿಬ್ಬ. ‘ನೆಲ್’ ಸಾವಿನ ಗಂಟೆ, ಪತ್ರಿಕೆಗಳಲ್ಲಿ ಬಿಟ್ಟರೆ ಬೇರೆಡೆ ಅಪರೂಪ.

ಉಚ್ಚಾರದಲ್ಲಿ ಎರಡು ಎಚ್ಚರಿಕೆ. ‘ನೋ’ದಿಂದ ಹುಟ್ಟಿದ್ದರೂ ಜ್ಞಾನಕ್ಕೆ ‘ನಾಲೆಡ್ಜ್’ ಎನ್ನಬೇಕು, ‘ನೋಲೆಡ್ಜ್’ ಅಲ್ಲ. ‘ಅಕ್ನಾಲೆಡ್ಜ್’ನಲ್ಲಿ ಕ್ ಕೇಳಿಸುತ್ತದೆ, ಅದು ಮುಂದೆ ಕೂತಿರುವ ಸಿಯ ಸದ್ದು, ಬರೆಯುವಾಗ ಸಿ, ಕೆ ಎರಡೂ ಇರಲಿ. ಇಸ್ರೇಲಿನ ಸಂಸತ್ತು ‘ಕ್ನೆಸೆಟ್’, ಹೀಬ್ರೂ ಪದವಾದ್ದರಿಂದ ಅಲ್ಲಿ ಕೆ ಬಾಯಿಬಿಡುತ್ತದೆ.

ದಿನಕ್ಕೆ ಐದರಂತೆ ಮೂರು ದಿನ ಸಾಕು. ಬರೀ ಪಟ್ಟಿ ಬರೆಯಬೇಡ, ಕೆ ಇರುವುದನ್ನೂ ಇಲ್ಲದ್ದನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಬರಿ: ‘ಆ ರಾತ್ರಿ ಸರದಾರನಿಗೆ ಗಂಟು ಬಿಚ್ಚಲು ಗೊತ್ತಿರಲಿಲ್ಲ’ ಎಂಬಂಥದ್ದು. ನಾಲ್ಕನೆಯ ದಿನ ತಂಗಿಯ ಕೈಲಿ ಪುಸ್ತಕ ಕೊಟ್ಟು ಉಕ್ತಲೇಖನ ಹಾಕಿಸಿಕೊ. ಅವಳು ಬರೀ ‘ನೈಟ್’ ಎಂದರೆ ಬರೆಯಬೇಡ, ವಾಕ್ಯ ಹೇಳು ಅನ್ನು. ಕಿವಿಗೆ ಎರಡೂ ಒಂದೇ. ನಿಘಂಟಿನಲ್ಲಿ ಎನ್ ಕೆಳಗೆ ಹುಡುಕಿ ಪದ ಸಿಗದಿದ್ದರೆ ಕೆ-ಎನ್ ನೋಡು, ಅಲ್ಲೂ ಇಲ್ಲದಿದ್ದರೆ ಜಿ-ಎನ್. ಕಚ್ಚಿ ಕಚ್ಚಿ ತಿನ್ನುವ ‘ನಾ’ ಅಲ್ಲಿರುತ್ತದೆ.

ಹದಿನೈದು ವಾಕ್ಯಗಳನ್ನೂ ಮುಂದಿನ ಕಾಗದದಲ್ಲಿ ಕಳಿಸು, ತಿದ್ದಿ ವಾಪಸು ಹಾಕುತ್ತೇನೆ.

ಇಂತಿ ನಿನ್ನ,
ದೊಡ್ಡಮ್ಮ