ಗಾಳಿಗೂ ಎರಡು ದಿನ ಇಡು

ಪುಟ್ಟಿ,

ಪೋರ್ಚುಗಲ್‌ನ ಮದೈರಾ ದ್ವೀಪದಲ್ಲಿ ನಡೆಯುವ ಟ್ರಾನ್ಸ್ ಮದೈರಾ ಸೈಕಲ್ ರೇಸಿಗೆ ನೀನು ಮಾಡಿ ಕಳಿಸಿದ ಪ್ಲ್ಯಾನ್ ನೋಡಿದೆ. ಬಣ್ಣ ಬಣ್ಣದ ಕಾಲಂ ಹಾಕಿ ಚೆನ್ನಾಗಿಯೇ ಮಾಡಿದ್ದೀಯ. ಆಫೀಸ್ ಮುಗಿಸಿ ಸಂಜೆ ಸ್ಟುಟ್‌ಗಾರ್ಟ್ ಬಿಡುವುದು, ಲಿಸ್ಬನ್‌ನಲ್ಲಿ ವಿಮಾನ ಬದಲಿಸುವುದು, ಬೆಳಿಗ್ಗೆ ದ್ವೀಪದ ರಾಜಧಾನಿ ಫುಂಶಾಲ್, ಮಧ್ಯಾಹ್ನ ಸೈಕಲ್ ಜೋಡಿಸುವುದು, ಸಂಜೆ ಹೆಸರು ನೋಂದಣಿ, ಮಾರನೇ ಬೆಳಿಗ್ಗೆ ರೇಸ್ ಶುರು. ಎಲ್ಲ ಸರಿ, ಉಸಿರಾಡಲು ಮಾತ್ರ ಒಂದು ಕಾಲಂ ಇಲ್ಲ.

ರೇಸಿಗೆ ಹೋಗಬೇಡ ಅಂತ ಈ ಕಾಗದ ಬರೆಯುತ್ತಿಲ್ಲ. ತುರಹಳ್ಳಿ ಕಾಡಿನಲ್ಲಿ ಮೊಣಕೈ ಕೆರೆದುಕೊಂಡು ಬಂದು, ಮಾರನೇ ವಾರ ಮತ್ತೆ ಅಲ್ಲಿಗೇ ಹೋಗುತ್ತಿದ್ದವಳಿಗೆ ಆ ಮಾತು ಹೇಳಿ ಏನು ಪ್ರಯೋಜನ? ಎರಡು ದಿನ ಮೊದಲೇ ಹೊರಡು, ನಾನು ಹೇಳುವುದು ಅಷ್ಟೇ. ಫೋನಿನಲ್ಲಿ ಹೇಳಿದರೆ 'ಆಯ್ತಪ್ಪಾ, ನೋಡೋಣ' ಅಂದು ಮುಗಿಸಿಬಿಡುತ್ತೀಯ. ಕಾಗದ ಆದರೆ ಕೊನೆವರೆಗೆ ಓದಲೇಬೇಕಲ್ವಾ?

ಮೊದಲು ವಿಮಾನದ ವಿಷಯ. ಮದೈರಾ ಲಿಸ್ಬನ್‌ನಿಂದ ಸುಮಾರು 970 ಕಿಲೋಮೀಟರ್ ದೂರದಲ್ಲಿ, ಅಟ್ಲಾಂಟಿಕ್ ಮಧ್ಯೆ ಇದೆ. ಉದ್ದ 57 ಕಿಲೋಮೀಟರ್, ಅಗಲ ಬರೀ 22. ಇಡೀ ದ್ವೀಪವೇ ಒಂದು ಜ್ವಾಲಾಮುಖಿ ಬೆಟ್ಟ, ಸಮತಟ್ಟು ಜಾಗವೇ ಅಪರೂಪ. ವಿಮಾನ ನಿಲ್ದಾಣಕ್ಕೂ ಜಾಗ ಸಾಲಲಿಲ್ಲ. 1964ರಲ್ಲಿ ಶುರುವಾದಾಗ ರನ್‌ವೇ 1600 ಮೀಟರ್ ಇತ್ತು. 2000ದಲ್ಲಿ ಅದನ್ನು 2781 ಮೀಟರಿಗೆ ಉದ್ದ ಮಾಡಿದರು. ಹೊಸ ಭಾಗ ನಿಂತಿರುವುದು ನೆಲದ ಮೇಲಲ್ಲ, ಕಡಲ ಅಂಚಿನಲ್ಲಿ ಎಬ್ಬಿಸಿದ 180 ಕಾಂಕ್ರೀಟ್ ಕಂಬಗಳ ಮೇಲೆ. ಆ ಕಂಬಗಳ ನಕ್ಷೆ ನೋಡುತ್ತಾ ಕೂತಿದ್ದೆ, ನಿಮ್ಮಮ್ಮ ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲ. ಜಗತ್ತಿನ ಸ್ಟ್ರಕ್ಚರಲ್ ಎಂಜಿನಿಯರುಗಳ ಸಂಘ 2004ರಲ್ಲಿ ಅದಕ್ಕೆ ಪ್ರಶಸ್ತಿ ಕೊಟ್ಟಿದೆ. ಈಗ ನಿಲ್ದಾಣಕ್ಕೆ ಕ್ರಿಸ್ಟಿಯಾನೊ ರೊನಾಲ್ಡೊ ಹೆಸರು, ಅವನ ಊರು ಅದೇ ನೋಡು.

ಕಂಬ ಎಷ್ಟು ಗಟ್ಟಿಯಾದರೇನು, ಗಾಳಿ ಯಾರ ಮಾತೂ ಕೇಳುವುದಿಲ್ಲ. ಪಕ್ಕದಲ್ಲೇ ಬೆಟ್ಟ ಇರುವುದರಿಂದ ಬೀಸುವ ಗಾಳಿ ಬೆಟ್ಟಕ್ಕೆ ಬಡಿದು, ರನ್‌ವೇ ಮೇಲೆ ಸುತ್ತಿ ಸುಳಿಯುತ್ತದೆ. ಅಲ್ಲಿಳಿಸಲು ಪೈಲಟ್‌ಗಳಿಗೆ ಬೇರೆಯೇ ತರಬೇತಿ ಬೇಕು. ಗಾಳಿ ಇಷ್ಟಕ್ಕಿಂತ ಜಾಸ್ತಿ ಇದ್ದರೆ ಇಳಿಯುವಂತಿಲ್ಲ ಅನ್ನುವುದು ಅಲ್ಲಿ ಕಟ್ಟುನಿಟ್ಟಿನ ನಿಯಮ. ಮಿತಿ ದಾಟಿದರೆ ವಿಮಾನ ಆಕಾಶದಲ್ಲೇ ಸುತ್ತು ಹೊಡೆಯುತ್ತದೆ. ಆಗಲೂ ಆಗದಿದ್ದರೆ ಪಕ್ಕದ ಪೋರ್ಟೊ ಸಾಂಟೊ ದ್ವೀಪಕ್ಕೋ, ಕ್ಯಾನರಿ ದ್ವೀಪಗಳಿಗೋ, ಇಲ್ಲವೇ ವಾಪಸ್ ಲಿಸ್ಬನ್‌ಗೋ ಹೋಗುತ್ತದೆ. ಹಾಗಾದಾಗ ಒಂದೊಂದು ಸಲ ನೂರಾರು ಜನ ನಿಲ್ದಾಣದಲ್ಲೇ ರಾತ್ರಿ ಕಳೆಯುತ್ತಾರೆ. ನಿನ್ನ ಪ್ಲ್ಯಾನಿನಲ್ಲಿ ಹೀಗೆ ಒಂದು ಸಲ ಆದರೂ ರೇಸ್ ಕೈಬಿಟ್ಟಂತೆಯೇ. ಪ್ರವೇಶ ಶುಲ್ಕ ಯಾರೂ ವಾಪಸ್ ಕೊಡುವುದಿಲ್ಲ.

ಇನ್ನು ಸೈಕಲ್. ನೀನು ಬಂದರೂ ಅದು ಬರದೇ ಇರಬಹುದು. ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುವಾಗ ಹಿಂದೆ ಉಳಿಯುವುದು ದೊಡ್ಡ ಪೆಟ್ಟಿಗೆಗಳೇ. ಟಿಕೆಟ್ ಜೊತೆಗೇ ಸೈಕಲ್ಲಿಗೂ ಜಾಗ ಬುಕ್ ಮಾಡು. ಎರಡೂ ವಿಮಾನಕ್ಕೆ ಬೇರೆ ಬೇರೆ ಒಪ್ಪಿಗೆ ಬೇಕಾ ಅಂತ ಕೇಳಿಕೋ. ಹೆಲ್ಮೆಟ್, ಶೂ, ಗಾಗಲ್ಸ್, ಮೊಣಕಾಲಿನ ಪ್ಯಾಡ್ ಎಲ್ಲ ಕೈಚೀಲದಲ್ಲೇ ಇರಲಿ. ಸೈಕಲ್ ತಡವಾದರೆ ಅಲ್ಲೇ ಬಾಡಿಗೆಗೆ ಸಿಗುತ್ತದೆ. ನಿನ್ನ ಕಾಲಿಗೆ ಒಗ್ಗಿದ ಶೂ ಬಾಡಿಗೆಗೆ ಸಿಗುವುದಿಲ್ಲ. ಟೈರಿಗೆ ಗಾಳಿ ತುಂಬುವ ಆ ಸಣ್ಣ ಗ್ಯಾಸ್ ಸಿಲಿಂಡರುಗಳನ್ನು ಸ್ಟುಟ್‌ಗಾರ್ಟ್‌ನಿಂದ ಒಯ್ಯಬೇಡ, ತಪಾಸಣೆಯಲ್ಲಿ ವಾದ ಮಾಡುತ್ತಾ ನಿಲ್ಲಬೇಕಾಗುತ್ತದೆ. ದ್ವೀಪದಲ್ಲೇ ಕೊಂಡುಕೋ. ಗೇರ್ ಬದಲಿಸುವ ಡಿರೈಲರ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಡು. ಅದನ್ನು ಹಿಡಿಯುವ ಹ್ಯಾಂಗರ್ ಒಂದು ಹೆಚ್ಚಿಗೆ ಇರಲಿ, ಅದು ಪ್ರತಿ ಫ್ರೇಮಿಗೂ ಬೇರೆ, ದ್ವೀಪದ ಅಂಗಡಿಯಲ್ಲಿ ನಿನ್ನ ಅಳತೆಯದ್ದು ಸಿಗುತ್ತದೆ ಅನ್ನುವಂತಿಲ್ಲ. ಚಕ್ರ ತೆಗೆದ ಮೇಲೆ ಬ್ರೇಕ್ ಪ್ಯಾಡುಗಳ ಮಧ್ಯೆ ಒಂದು ಪ್ಲಾಸ್ಟಿಕ್ ತುಂಡು ಸಿಕ್ಕಿಸು. ಇಲ್ಲದಿದ್ದರೆ ಯಾರಾದರೂ ಲಿವರ್ ಒತ್ತಿದಾಗ ಪ್ಯಾಡ್ ಅಂಟಿಕೊಂಡು ಕೂರುತ್ತವೆ. ಎಡಗಡೆ ಪೆಡಲ್‌ಗೆ ಉಲ್ಟಾ ತಿರುಪು ಅನ್ನುವುದು ನಿನಗೆ ಗೊತ್ತು. ಆದರೂ ಅಪ್ಪ ಹೇಳದೇ ಇರುವುದು ಹೇಗೆ?

ನೆಲದ ವಿಷಯಕ್ಕೆ ಬರುತ್ತೇನೆ. ಎರಡು ದಿನ ಬೇಕು ಅನ್ನಲು ದೊಡ್ಡ ಕಾರಣ ಇದೇ. ದ್ವೀಪದ ಅತಿ ಎತ್ತರದ ಶಿಖರ ಪಿಕೊ ರುಯಿವೊ, 1862 ಮೀಟರ್. ನಮ್ಮ ಮುಳ್ಳಯ್ಯನಗಿರಿ 1930. 'ಅಷ್ಟೇನಾ' ಅಂದುಕೊಳ್ಳಬೇಡ. ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರಿನ ಮೇಲಿದೆ, ನಾವು ಅರ್ಧ ದಾರಿಯಿಂದ ಶುರು ಮಾಡುತ್ತೇವೆ. ಅಲ್ಲಿ ಶಿಖರದ ಬುಡದಲ್ಲೇ ಕಡಲು. ಬೆಟ್ಟದ ತಲೆಯಲ್ಲಿ ಜಾಕೆಟ್ ಹಾಕಿಕೊಂಡು ನಡುಗುವವರು ಕೆಳಗಿಳಿದಾಗ ಬಾಳೆ ತೋಟದಲ್ಲಿ ಬೆವರುತ್ತಾರೆ. ಇಳಿಯುತ್ತಾ ಹೋದಂತೆ ನೆಲವೂ ಬದಲಾಗುತ್ತದೆ. ಮೇಲೆ ಪಾವುಲ್ ದ ಸೆರ್ರಾದ ಬೋಳು ಬಯಲು. ಅದರ ಕೆಳಗೆ ಲಾರೆಲ್ ಮರಗಳ ಹಳೇ ಕಾಡು, 1999ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಇನ್ನೂ ಕೆಳಗೆ ನೀಲಗಿರಿ ತೋಪು. ಹೌದು, ನಮ್ಮ ಕೋಲಾರದ ಕಡೆ ನೆಟ್ಟು ಪೇಚಾಡಿದೆವಲ್ಲ, ಅದೇ ನೀಲಗಿರಿ. ಅಲ್ಲೂ ಅದರದೇ ತಲೆನೋವು, ಬೆಂಕಿ ಬೇಗ ಹಿಡಿಯುತ್ತದೆ.

ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಮೋಡ ಹೊತ್ತು ತಂದು ಉತ್ತರದ ಇಳಿಜಾರಿಗೆ ಸುರಿಯುತ್ತದೆ. ಉತ್ತರ ಒದ್ದೆ, ದಕ್ಷಿಣ ಒಣ. ನಮ್ಮ ಆಗುಂಬೆಗೂ ಚಿತ್ರದುರ್ಗಕ್ಕೂ ಇರುವ ವ್ಯತ್ಯಾಸವನ್ನು 22 ಕಿಲೋಮೀಟರಿನೊಳಗೆ ಮಡಚಿಟ್ಟ ಹಾಗೆ. ಬೆಳಿಗ್ಗೆ ಧೂಳಿನಲ್ಲಿ ಹಿಡಿತ ಹುಡುಕುವ ಟೈರು ಮಧ್ಯಾಹ್ನ ಒದ್ದೆ ಬೇರಿನ ಮೇಲೆ ಜಾರುತ್ತದೆ. ಕೆಂಪು ಜೇಡಿ ಅಂಟಿದರೆ ಚಕ್ರವೇ ಸುತ್ತುವುದಿಲ್ಲ. ಫನಾಲ್ ಕಡೆ ಮಂಜು ಕವಿದರೆ ಮುಂದಿನ ಮರ ಕಾಣುವುದೂ ಕಷ್ಟ. ಸ್ಟುಟ್‌ಗಾರ್ಟ್ ಕಾಡಿನಲ್ಲಿ ನೀನು ಎಷ್ಟೇ ಓಡಿಸಿದರೂ ಈ ಮಣ್ಣು ನಿನಗೆ ಹೊಸದು.

ನಿನ್ನ ಎಂಡ್ಯೂರೊ ಲೆಕ್ಕ ಈಗ ನನಗೂ ಅರ್ಥವಾಗಿದೆ. ಗಡಿಯಾರ ಓಡುವುದು ಇಳಿಜಾರಿನ ತುಂಡುಗಳಲ್ಲಿ ಮಾತ್ರ. ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುವ ಏರು ದಾರಿಗೆ ಅಂಕ ಇಲ್ಲ, ಕಾಲು ನೋವು ಮಾತ್ರ ಇದೆ. ಟ್ರಾನ್ಸ್ ಮದೈರಾ ಐದು ದಿನದ ಆಟ. ಇಂಥ ಬಹುದಿನದ ರೇಸುಗಳಲ್ಲಿ ಮೊದಲೇ ದಾರಿ ನೋಡಿಕೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ. ಮುಂದಿನ ತಿರುವಿನಲ್ಲಿ ಏನಿದೆ ಗೊತ್ತಿಲ್ಲದೇ ಇಳಿಯಬೇಕು. ಹಾಗಿರುವಾಗ ಕನಿಷ್ಠ ಮಣ್ಣಿನ ಗುಣವಾದರೂ ಗೊತ್ತಿರಲಿ. ರೇಸಿನ ದಾರಿ ಬಿಟ್ಟು ಬೇರೆ ಕಡೆ ಒಬ್ಬ ಗೈಡ್ ಜೊತೆ ಒಂದು ದಿನ ಓಡಿಸು. ಟೈರಿನ ಗಾಳಿ ಎಷ್ಟಿರಬೇಕು, ಯಾವ ಬ್ರೇಕ್ ಪ್ಯಾಡ್ ಅನ್ನುವುದು ಅಲ್ಲೇ ತೀರ್ಮಾನವಾಗಲಿ. ಇಷ್ಟುದ್ದದ ಇಳಿಜಾರಿಗೆ ಮೆಟಲ್ ಪ್ಯಾಡೇ ವಾಸಿ ಅಂತ ನನ್ನ ಅಭಿಪ್ರಾಯ. ಬಿಸಿಯನ್ನು ಅದು ಜಾಸ್ತಿ ತಡೆಯುತ್ತದೆ, ಬೇಗ ಸವೆಯುವುದಿಲ್ಲ. 2017ರಲ್ಲಿ ಎಂಡ್ಯೂರೊ ವರ್ಲ್ಡ್ ಸೀರೀಸ್ ಇದೇ ದ್ವೀಪಕ್ಕೆ ಬಂದಿತ್ತು. ಐರ್ಲೆಂಡಿನ ಗ್ರೆಗ್ ಕ್ಯಾಲಹನ್, ಫ್ರಾನ್ಸಿನ ಸೆಸಿಲ್ ರವನೆಲ್ ಗೆದ್ದರು. ಆ ವಿಡಿಯೊ ನೋಡಿದೆ, ಅಮ್ಮನಿಗೆ ತೋರಿಸಲಿಲ್ಲ.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: 'ಬಿದ್ದರೆ ಯಾರು ಎತ್ತುತ್ತಾರೆ?' ರೇಸಿನ ದಿನಗಳಲ್ಲಿ ನೀನು ಟೆಂಟಿನಲ್ಲಿ ಮಲಗುವುದರ ಬಗ್ಗೆ ಅವಳಿಗೆ ಚಿಂತೆ ಇಲ್ಲ, ಎನ್‌ಸಿಸಿ ಕ್ಯಾಂಪ್ ನೋಡಿದವಳು. ಈ ಪ್ರಶ್ನೆಗೆ ನೀನು ನೇರವಾಗಿ ಉತ್ತರ ಕೊಡು. ನಿನ್ನ ಜರ್ಮನ್ ವಿಮಾ ಕಾರ್ಡಿನ ಹಿಂಬದಿಯೇ ಯುರೋಪಿಯನ್ ಆರೋಗ್ಯ ಕಾರ್ಡ್. ಪೋರ್ಚುಗಲ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆ. ಬೆಟ್ಟದಿಂದ ಕೆಳಗೆ ತರುವ ಖರ್ಚು, ಜರ್ಮನಿಗೆ ವಾಪಸ್ ಕರೆತರುವ ಖರ್ಚು ಅದರಲ್ಲಿ ಸೇರಿಲ್ಲ. ಅದಕ್ಕೆ ಬೇರೆ ಪಾಲಿಸಿ ಬೇಕು. ತಗೊಳ್ಳುವಾಗ ಒಂದು ಸಾಲು ಹುಡುಕು: ಸ್ಪರ್ಧೆಯಲ್ಲಿ ಆದ ಗಾಯಕ್ಕೂ ದುಡ್ಡು ಕೊಡುತ್ತಾರಾ ಅಂತ. ಬಹಳ ಪ್ರವಾಸ ವಿಮೆಗಳು ಸುಮ್ನೆ ಸೈಕಲ್ ಓಡಿಸಿದರೆ ಸರಿ, ರೇಸ್ ಅಂದರೆ ಕೈ ಎತ್ತುತ್ತವೆ. ಪಾಲಿಸಿ ನಂಬರ್ ಅಮ್ಮನಿಗೆ ಕಳಿಸು. ನನಗಲ್ಲ, ಅವಳಿಗೆ.

ಈಗ ನನ್ನ ಸ್ವಾರ್ಥ. ನಾವಿಬ್ಬರೂ ಬರುತ್ತೇವೆ ಅಂದೆವಲ್ಲ, ದಾರಿ ಬದಿಯಲ್ಲಿ ನಿಂತು ನಿನ್ನನ್ನು ಕಾಯಲು ಅಲ್ಲ. ನೀನು ಕಾಣುವುದು ಹೆಚ್ಚೆಂದರೆ ಹತ್ತು ಸೆಕೆಂಡು, ಅದೂ ಕೆಸರು ಬಳಿದ ಮುಖ. ನಾನು ಬರುವುದು ಲೆವಾದ ಅನ್ನುವ ಅಲ್ಲಿನ ನೀರಿನ ಕಾಲುವೆಗಳನ್ನು ನೋಡಲು.

ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಮೇಲೆ ಜೀಪಿನಲ್ಲಿ ಓಡಾಡಿದವನಿಗೆ ಇದಕ್ಕಿಂತ ದೊಡ್ಡ ಯಾತ್ರೆ ಇಲ್ಲ. ಉತ್ತರದ ಮಳೆ ನೀರನ್ನು ದಕ್ಷಿಣದ ಹೊಲಕ್ಕೆ ತರಲು ಮದೈರಾದ ಜನ ಹದಿನೈದನೇ ಶತಮಾನದಿಂದ ಬೆಟ್ಟದ ಸೊಂಟಕ್ಕೆ ಸಣ್ಣ ಸಣ್ಣ ಕಾಲುವೆ ಕೊರೆದಿದ್ದಾರೆ. ಒಟ್ಟು ಉದ್ದ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ. ಎಷ್ಟೋ ಕಡೆ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ಬಂಡೆ ಅಡ್ಡ ಬಂದಲ್ಲಿ ಸುರಂಗ. ನಮ್ಮಲ್ಲಿ ಹುಲಿಕೆರೆ ಸುರಂಗ ಇದೆಯಲ್ಲ, ಕನ್ನಂಬಾಡಿ ನೀರನ್ನು ಮಂಡ್ಯಕ್ಕೆ ದಾಟಿಸುವುದು, ಅದು ನೆನಪಾಯಿತು. ಮಂಡ್ಯಕ್ಕೆ ನೀರು ಬಂದ ಮೇಲೆ ಕಬ್ಬು ಬಂತು. ಮದೈರಾದ ನಾಲೆಯೂ ಮೊದಲು ಹರಿದದ್ದು ಕಬ್ಬಿಗೇ, ಯುರೋಪಿಗೆಲ್ಲ ಸಕ್ಕರೆ ಹೋಗುತ್ತಿತ್ತು. ಆ ಸಕ್ಕರೆಯಲ್ಲಿ, ಆ ನಾಲೆಯಲ್ಲಿ ಗುಲಾಮರ ಬೆವರು ಇದೆ ಅನ್ನುವುದನ್ನು ಪ್ರವಾಸಿ ಪುಸ್ತಿಕೆಗಳು ಮೆಲ್ಲಗೆ ಹಾರಿಸಿಬಿಡುತ್ತವೆ.

ನೀರು ಹಂಚಲು ಅಲ್ಲಿ ಲೆವಾದೈರು ಅಂತ ಒಬ್ಬ ಇರುತ್ತಾನೆ. ಕಾಲುವೆ ಗುಡಿಸುವುದು, ಕಸ ತೆಗೆಯುವುದು, ಯಾರ ಹೊಲಕ್ಕೆ ಎಷ್ಟು ಹೊತ್ತು ಅಂತ ಪಾಳಿ ನೋಡಿ ತೂಬು ತೆರೆಯುವುದು ಅವನ ಕೆಲಸ. ನಮ್ಮ ಕೆರೆಗಳಲ್ಲಿ ನೀರುಗಂಟಿ ಮಾಡುತ್ತಿದ್ದುದೂ ಇದನ್ನೇ. ನಮ್ಮಲ್ಲಿ ಆ ಕೆಲಸ ಬಹುಮಟ್ಟಿಗೆ ಹೋಯಿತು, ನಾಲೆಯ ಕೊನೆಯ ರೈತನ ಗೋಳು ಮಾತ್ರ ಉಳಿಯಿತು. ಅಲ್ಲಿ ಇನ್ನೂ ನಡೆಸುತ್ತಿದ್ದಾರೆ. ಹೇಗೆ ಅಂತ ನಾನು ಕಣ್ಣಾರೆ ನೋಡಬೇಕು. ಕಾಲುವೆ ಪಕ್ಕದ ಕಿರುದಾರಿಯಲ್ಲಿ ನಡೆದೇ ಹೋಗಬೇಕು, ಸೈಕಲ್ ಅಲ್ಲಿಗೆ ತರಬೇಡ. ಸುರಂಗಕ್ಕೆ ಟಾರ್ಚ್ ಬೇಕು. ಹೆಸರಾದ ದಾರಿಗಳಿಗೆ ಈಗ ಶುಲ್ಕವೂ ಇದೆ, ನಿನ್ನ ಫೋನಿನಿಂದಲೇ ಬುಕ್ ಮಾಡಿಬಿಡು. ನೀನು ಎರಡು ದಿನ ಮೊದಲು ಬಂದರೆ ಒಂದು ಬೆಳಿಗ್ಗೆ ನನ್ನ ಜೊತೆ ಬರಬಹುದು. ರೇಸಿಗೆ ಮುಂಚೆ ಕಾಲು ಸಡಿಲವಾಗಲು ನಡಿಗೆ ಒಳ್ಳೆಯದೇ ಅಲ್ವಾ?

ಇನ್ನೊಂದು ಆಸೆ ಅಮ್ಮನದ್ದು. ಫುಂಶಾಲ್ ಮೇಲಿನ ಮೋಂಟೆಯಿಂದ ಬೆತ್ತದ ಜಾರುಬಂಡಿಯಲ್ಲಿ ಜನರನ್ನು ಡಾಂಬರು ರಸ್ತೆ ಮೇಲೆ ಕೆಳಗಿಳಿಸುತ್ತಾರೆ. ಬಿಳಿ ಬಟ್ಟೆ, ಹುಲ್ಲಿನ ಟೋಪಿ ಹಾಕಿದ ಇಬ್ಬರು ಹಿಂದೆ ನಿಂತು ತಳ್ಳುತ್ತಾರೆ. ಬ್ರೇಕ್ ಅವರ ರಬ್ಬರ್ ಬೂಟೇ. ಹತ್ತೊಂಬತ್ತನೇ ಶತಮಾನದಿಂದ ನಡೆದು ಬಂದಿದೆ. ನೀನು ಇಳಿಯುವುದನ್ನು ನೋಡಲಾರೆ ಅನ್ನುವವಳು ಅದರಲ್ಲಿ ಕೂರುತ್ತಾಳಂತೆ! ನಾನೇನೂ ಹೇಳಲು ಹೋಗಲಿಲ್ಲ.

ವೀಸಾ ವಿಷಯ. ಮದೈರಾಕ್ಕೂ ಷೆಂಗೆನ್ ವೀಸಾವೇ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೇವೋ ಆ ದೇಶಕ್ಕೆ ಅರ್ಜಿ ಹಾಕಬೇಕು ಅನ್ನುವುದು ನಿಯಮ. ನಿನ್ನ ಮನೆಯಲ್ಲಿ ಎರಡು ವಾರ, ದ್ವೀಪದಲ್ಲಿ ಒಂದು ವಾರ ಅಂದರೆ ನಾವು ಜರ್ಮನಿಗೆ ಹಾಕಬೇಕು, ಪೋರ್ಚುಗಲ್‌ಗೆ ಅಲ್ಲ. ಆರು ತಿಂಗಳು ಮೊದಲೇ ಹಾಕಬಹುದು, ಕೊನೆ ಎಂದರೂ 15 ದಿನ ಇರಬೇಕು. ಬೇಸಿಗೆಗೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ ಅಂತ ಕೇಳಿದ್ದೇನೆ, ಅದಕ್ಕೆ ಈ ಅವಸರ. 30,000 ಯುರೋ ವಿಮೆ ನಾನೇ ಇಲ್ಲಿ ಮಾಡಿಸುತ್ತೇನೆ. ಆಹ್ವಾನ ಪತ್ರ, ನಿನ್ನ ಮನೆ ಬಾಡಿಗೆ ಕರಾರು, ಸಂಬಳದ ಚೀಟಿ ನೀನು ಕಳಿಸಬೇಕು.

ಊಟದ ಯೋಚನೆ ಬೇಡ. ಗೆಣಸು ಕಲಸಿ ಮಾಡುವ ಬೋಲು ದು ಕಾಕು ಅನ್ನುವ ರೊಟ್ಟಿ, ಬೆಳ್ಳುಳ್ಳಿ ಬೆಣ್ಣೆ ಹಚ್ಚಿ ಕೊಡುತ್ತಾರೆ. ಬಾಳೆಹಣ್ಣು ಹೇರಳ. ಕಬ್ಬಿನ ಸಾರಾಯಿಗೆ ಜೇನು, ನಿಂಬೆ ಹಾಕಿ ಪೊಂಚ ಅಂತ ಒಂದು ಮಾಡುತ್ತಾರಂತೆ. ಅದು ಐದನೇ ದಿನ ಸಂಜೆ, ನನ್ನ ಜೊತೆ.

ಸೈಕಲ್ ಪೆಟ್ಟಿಗೆಯ ಉದ್ದ, ಅಗಲ, ತೂಕ ಕಳಿಸು. ಬಾಡಿಗೆ ಕಾರಿನಲ್ಲಿ ಅದು, ನಾವು ಮೂವರು, ಅಮ್ಮನ ಸೂಟ್‌ಕೇಸ್ ಹಿಡಿಯಬೇಕು. ಅಲ್ಲಿನ ರಸ್ತೆಗಳ ಏರು ನೋಡಿದರೆ ಸಣ್ಣ ಎಂಜಿನ್ ಕಾರು ಬೇಡ. ರಜೆಗೆ ಅರ್ಜಿ ಹಾಕುವಾಗ ಆ ಎರಡು ದಿನವನ್ನೂ ಸೇರಿಸೇ ಹಾಕು. ಹಾಕಿದ ಮೇಲೆ ಹೇಳು, ಆಮೇಲೆ ನಾನು ಟಿಕೆಟ್ ಮಾಡುತ್ತೇನೆ.

ಇಂತಿ,
ಅಪ್ಪ