ಚಿತ್ರ-ಕವನ ಸಂಕಲನ: ಪ್ರೆಸ್ಸಿಗೆ ಕೊಡೋ ಮುಂಚೆ

ನಮಸ್ಕಾರ್ರಿ. ಕಲಬುರಗಿ ಬಳಗದ ಸಂಕಲನಕ್ಕೆ ಚಿತ್ರ ಬರೆಯುವವರು ದಯವಿಟ್ಟು ಇಲ್ಲಿ ಫೋಟೋ ಆಗಿ ಹಾಕಬೇಡ್ರಿ. ವಾಟ್ಸಾಪ್ ಕುಗ್ಗಿಸಿಬಿಡುತ್ತದೆ, ಅಚ್ಚಿನಲ್ಲಿ ಗೆರೆ ಮಸುಕಾಗುತ್ತದೆ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸ್ರಿ. ಪುಟದಂಚಿಗೆ ತಾಗುವ ಚಿತ್ರವನ್ನು 3 ಮಿ.ಮೀ. ಆಚೆಗೂ ಬರೆಯಿರಿ, ಇಲ್ಲಾಂದ್ರೆ ಕಟಿಂಗಿನಲ್ಲಿ ಬಿಳಿ ಪಟ್ಟಿ ಉಳಿಯುತ್ತದೆ. ಜೋಡಿಪುಟದ ನಡುವೆ ಮುಖ ಬೇಡ, ಬೈಂಡಿಂಗ್ ನುಂಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಚಿತ್ರಗಳಲ್ಲಿ ಬರೋ ಹೆಣ್ಣು ತೊಟ್ಟಿಲಿನಿಂದ ಮುಪ್ಪಿನವರೆಗೆ ಒಬ್ಬಳೇ ಅನಿಸಬೇಕು. ಕುಬುಸದ (ಸೀಮಂತದ) ಚಿತ್ರದಲ್ಲಿ ಗದ್ದದ ಹಚ್ಚೆ ಎಡಕ್ಕಿದ್ದರೆ, ತೊಗರಿ ರಾಶಿ ಮುಂದೆ ಕೂತ ಮುದುಕಿಗೂ ಎಡಕ್ಕೇ ಇರಲಿ. ಇಳಕಲ್ ಸೀರೆ ಉಡಿಸಿದರೆ ಸೆರಗಿನ ತೆನೆ ವಿನ್ಯಾಸ ಸರಿಯಾಗಿ ಬರಲಿ, ನಮ್ಮ ಹೆಣ್ಣುಮಕ್ಕಳು ಮೊದಲು ನೋಡೋದೇ ಅದನ್ನ.

ಕವಿತೆಯನ್ನ ‘ನುಡಿ’ ಫಾಂಟಿನಿಂದ ಯೂನಿಕೋಡ್‌ಗೆ ತಿರುಗಿಸಿದ ಮೇಲೆ ‘ಸೂರ್ಯ’, ‘ವರ್ಷ’ದಂಥ ಅರ್ಕಾವತ್ತು ಒಂದೊಂದೇ ನೋಡ್ರಿ, ಹೆಚ್ಚು ಕೆಡೋದು ಅಲ್ಲೇ.